ಬಲಕ್ಕೆ ಬಿದ್ದ ಪತ್ರಿ

ಟಪ್.

ಅಷ್ಟೇ. ಒದ್ದೆ ಎಲೆಯೊಂದು ಕಲ್ಲಿನ ಮೇಲೆ ಬಿದ್ದರೆ ಆಗುವಷ್ಟು ಸದ್ದು. ಅದು ಎರಡನೆಯ ಸಲ ಕೇಳುವುದಿಲ್ಲವೆಂದು ಶೈಲಜಾಳಿಗೆ ಗೊತ್ತಿತ್ತು. ಆದರೂ ಉಸಿರು ಬಿಗಿಹಿಡಿದು ಕಾದಳು. ಗಂಟೆ ಒಂದೂಮುಕ್ಕಾಲು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಅತ್ತೆಯ ಗೊರಕೆ ಏರಿ ಇಳಿಯುತ್ತಿತ್ತು. ಗಂಡ ವಿನಯ ಸೀರೆ ವ್ಯಾಪಾರಕ್ಕೆಂದು ಗದ್ವಾಲಕ್ಕೆ ಹೋಗಿದ್ದವನು ನಾರಾಯಣಪೇಟೆಯ ಅಂಗಡಿ ಮುಗಿಸಿಕೊಂಡು ಬರುವುದು ಶನಿವಾರವೇ.

ಅವಳು ಎದ್ದು ಮೊಬೈಲ್ ಬೆಳಕು ಹಾಕಿ ತಾಂಡೂರು ಕಲ್ಲಿನ ನೆಲವನ್ನು ಮೂಲೆಯಿಂದ ಮೂಲೆಗೆ ನೋಡಿದಳು. ಮಂಚದ ಕೆಳಗೆ, ಬೀರುವಿನ ಹಿಂದೆ, ಹೊಸ್ತಿಲ ಹತ್ತಿರ. ಏನೂ ಇರಲಿಲ್ಲ. ಬಾಗಿಲ ಚಿಲಕ ಹಾಕಿಯೇ ಇತ್ತು. ಅದನ್ನು ಮುಟ್ಟಿ ನೋಡಿದಳು, ಹಾಸಿಗೆಗೆ ಹೋದವಳು ತಿರುಗಿ ಬಂದು ಮತ್ತೊಮ್ಮೆ ಮುಟ್ಟಿದಳು. ನಾಲಿಗೆಯ ತುದಿಯಲ್ಲಿ ಅದೇ ಒಗರು. ದಿಬ್ಬದ ಮೇಲಿನ ಪತ್ರಿಗಿಡವನ್ನು, ಆ ಹಳೆಯ ಬಿಲ್ವವನ್ನು, ಕಡಿದ ದಿನದಿಂದ ಇದು ಒಂಬತ್ತನೆಯ ರಾತ್ರಿ.

ಬೆಳಿಗ್ಗೆ ಚಹಾ ಕುಡಿಯುತ್ತ ಅತ್ತೆ ಗುರುಲಿಂಗಮ್ಮ ಅವಳ ಮುಖ ನೋಡಿಯೇ ಕೇಳಿದಳು.

"ಮತ್ತ ನಿದ್ದಿ ಇಲ್ಲೇನು? ಇಲಿ ಇರಬೇಕು. ಬೋನು ಇಡು."

"ಇಲಿ ಹಂಗ ಸಪ್ಪಳ ಮಾಡಂಗಿಲ್ಲ ಅತ್ತಿ."

"ಹಂಗಾರ ಹಲ್ಲಿ. ಸಪ್ಪಳ ಕೇಳಾಕಂತ ನಿನಗ ಸರಕಾರದವ್ರು ಪಗಾರ ಕೊಡ್ತಾರೇನವ್ವ? ಅದೇ ಮನ್ಯಾಗ ನಾನೂ ಮಲಗತೀನಿ, ನನಗೇನೂ ಕೇಳಂಗಿಲ್ಲ."

"ನಿಮಗ ನಿಮ್ಮ ಗೊರಕೀನ ಕೇಳಂಗಿಲ್ಲ."

ಅತ್ತೆ ನಕ್ಕಳು. ಶೈಲಜಾಳೂ ನಕ್ಕಂತೆ ಮಾಡಿದಳು. ಇಲಿಯೂ ಅಲ್ಲ, ಹಲ್ಲಿಯೂ ಅಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ಏಕೆ ಖಾತ್ರಿ ಎಂದು ಹೇಳಬೇಕಾದರೆ ತಾನು ಮಾಡಿದ್ದನ್ನೂ ಹೇಳಬೇಕಾಗುತ್ತಿತ್ತು.

ಮಕ್ತಲ್‌ನಿಂದ ಕೃಷ್ಣಾ ನದಿಯ ಕಡೆ ಹೋಗುವ ದಾರಿಯಲ್ಲಿ, ಊರು ಮುಗಿದು ಕರಿಹೊಲ ಶುರುವಾಗುವಲ್ಲಿ ಒಂದು ದಿಬ್ಬವಿದೆ. ಊರವರು ಅದನ್ನು ಪತ್ರಿಗಡ್ಡೆ ಎನ್ನುತ್ತಾರೆ. ಅದರ ನೆತ್ತಿಯ ಮೇಲೆ ಮುರಿಗೆಮ್ಮನ ಗದ್ದುಗೆ, ಆಕೆಯ ಸಮಾಧಿ. ನೂರೈವತ್ತು ವರ್ಷದ ಹಿಂದೆ, ನಿಜಾಮನ ಕಾಲದಲ್ಲಿ, ಆಕೆ ಈ ಊರಿಗೆ ಸೊಸೆಯಾಗಿ ಬಂದವಳು. ಆಕೆಗೆ ಕಾಗದ ಕೊಡುವವರಿರಲಿಲ್ಲ. ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಹಾಡುವ ಪದ ಕಟ್ಟಿ ಬರೆಯುತ್ತಿದ್ದಳಂತೆ. ಯುಗಾದಿ ಬಂತೆಂದರೆ ಮನೆಯವರು ಸುಣ್ಣ ಹೊಡೆಸುತ್ತಿದ್ದರು. ಸುಣ್ಣ ಬೀಳುವುದರೊಳಗೆ ಕಲಿತುಬಿಡಬೇಕೆಂದು ಓಣಿಯ ಹೆಂಗಸರು ಕೆಂಡ ಬೇಡುವ ನೆವದಲ್ಲಿ ಬಂದು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರಂತೆ. ಹಾಗೆ ಬಾಯಿಂದ ಬಾಯಿಗೆ ಉಳಿದವು ಐವತ್ತೆಂಟು ಪದ. ಸತ್ತಾಗ ಲಿಂಗವಂತರ ಪದ್ಧತಿಯಂತೆ ಆಕೆಯನ್ನು ಕೂರಿಸಿಯೇ ಮಣ್ಣು ಮಾಡಿದರು, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ಸುತ್ತಲೂ ವಿಭೂತಿ, ಪತ್ರಿ ತುಂಬಿ.

ತೆಲಂಗಾಣದ ಗಡಿಯ ಈ ಊರಿನ ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸುವ ಶೈಲಜಾ ಧನ್ವಾಡದಿಂದ ಮಲ್ದಕಲ್‌ವರೆಗೆ ಮುದುಕಿಯರ ಮುಂದೆ ಕುಳಿತು, ಆರು ವರ್ಷದಲ್ಲಿ ಆ ಪದಗಳನ್ನು ಕೂಡಿಹಾಕಿದ್ದಳು. ಅವಳ ಕನ್ನಡ ವಿಭಾಗದಲ್ಲಿ ಈಗ ಉಳಿದದ್ದು ಹನ್ನೊಂದು ಮಕ್ಕಳು. ಇಲ್ಲಿಯೂ ಒಬ್ಬಳು ಬರೆದಿದ್ದಳು, ನೋಡಿ, ಇಲ್ಲೇ ಕೂತಿದ್ದಾಳೆ ಎಂದು ಆ ಮಕ್ಕಳಿಗೆ ಬೆರಳು ಮಾಡಿ ತೋರಿಸಲು ಒಂದು ಜಾಗ ಬೇಕಾಗಿತ್ತು. ಅರ್ಜಿಯ ಮೇಲೆ ಅರ್ಜಿ ಹಾಕಿದಳು. ಕೊನೆಗೆ ಈ ಬೇಸಿಗೆಯಲ್ಲಿ ಮಂಜೂರಾತಿ ಬಂತು. ಗದ್ದುಗೆಯನ್ನೂ ದಿಬ್ಬವನ್ನೂ ಮಳೆಗಾಲದೊಳಗೆ ಸರಿಪಡಿಸಬೇಕು, ಇಲ್ಲವಾದರೆ ಮಂಜೂರಾತಿ ರದ್ದು.

ಉಪಾಧಿ ಕೆಲಸದ, ಅಂದರೆ ಉದ್ಯೋಗ ಖಾತರಿಯ, ಹೆಂಗಸರು ಬಂದು ದಿಬ್ಬದ ತುಂಬ ಹಬ್ಬಿದ್ದ ಸರಕಾರಿ ಜಾಲಿ ಕಡಿದರು. ಸೀತಾಫಲದ ಗಿಡ ಉಳಿಸಿಕೊಂಡರು. ಬಾವಿಯ ಹೂಳು ಹೊತ್ತರು. ಎಲ್ಲ ಸರಾಗವಾಗಿ ನಡೆದಿತ್ತು, ಗದ್ವಾಲದಿಂದ ಎಂಜಿನಿಯರ್ ಸುರೇಂದರ್ ಬರುವವರೆಗೆ. ಅವನು ಗದ್ದುಗೆಯನ್ನು ಎರಡು ಸುತ್ತು ಸುತ್ತಿ, ಅದನ್ನು ಅಪ್ಪಿಕೊಂಡಂತೆ ಬೆಳೆದಿದ್ದ ಹಳೆಯ ಪತ್ರಿಗಿಡದ ಮೈಮೇಲೆ ಅಂಗೈ ಬಡಿದ.

"ಮೇಡಂ, ಈ ಚೆಟ್ಟು ತೆಗೀಬೇಕ್ರಿ. ಬೇರು ಕಟ್ಟೀನ ಸೀಳಿಬಿಟ್ಟೈತಿ. ಇದು ಇದ್ರ ಎರಡು ಮಳಿಗಾಲ ಭಿ ತಡೆಯಂಗಿಲ್ಲ. ಮ್ಯಾಲೆ ಎಷ್ಟು ಸುಣ್ಣ ಹಚ್ಚಿದ್ರೂ ದಂಡಗ."

ಹೂಳಿನ ಬುಟ್ಟಿ ಇಳಿಸುತ್ತಿದ್ದ ಹಣಮಮ್ಮ ಅಲ್ಲಿಂದಲೇ ಕೂಗಿದಳು. "ಕಡೀರಿ ಕಡೀರಿ! ಆಮ್ಯಾಲೆ ಆಕಿ ಬಂದು ನಿಮ್ಮ ಗೋಡಿ ಮ್ಯಾಲೆ ಬರದ್ರ ನಮ್ಮನ್ನ ಕರೀಬ್ಯಾಡ್ರಿ, ಸುಣ್ಣ ಹೊಡಿಯಾಕ ನಾ ಬರಂಗಿಲ್ಲ!"

ಹೆಂಗಸರೆಲ್ಲ ನಕ್ಕರು. ನಗದೆ ನಿಂತವನು ವೀರಯ್ಯ ಒಬ್ಬನೇ. ಎಪ್ಪತ್ತು ದಾಟಿದ ಜಂಗಮ. ದಿಬ್ಬದ ಬುಡದಲ್ಲೇ ಅವನ ಮನೆ. ಅವನ ಅಜ್ಜ, ಅಪ್ಪ, ಈಗ ಅವನು, ದಿನವೂ ಸಂಜೆ ಗದ್ದುಗೆಗೆ ದೀಪ ಹಚ್ಚಿ ಅದೇ ಗಿಡದ ಪತ್ರಿ ಏರಿಸುತ್ತ ಬಂದವರು.

"ಗಿಡ ನಮ್ಮದಲ್ಲ, ಆಕೀದು," ಎಂದ ವೀರಯ್ಯ. "ಆಕೀನ್ನ ಕೇಳೋಣು."

ಕೇಳುವ ಪದ್ಧತಿ ಹೀಗೆ. ಗದ್ದುಗೆಯ ತಲೆಯ ಕಡೆ ಆಳೆತ್ತರದ ಒಂದು ನಿಲುಗಲ್ಲಿದೆ. ಸೋಮವಾರ ಸಂಜೆ ದೀಪ ಹಚ್ಚಿದ ಮೇಲೆ ಎರಡು ಪತ್ರಿಯನ್ನು ನೀರಲ್ಲಿ ಅದ್ದಿ ಕಲ್ಲಿನ ಎರಡು ಹೆಗಲಿಗೆ ಒತ್ತಬೇಕು. ಬೆಳಗಾಗುವುದರೊಳಗೆ ಬಲ ಹೆಗಲಿನದು ಬಿದ್ದಿದ್ದರೆ ಆಗಲಿ ಎಂದರ್ಥ, ಎಡ ಹೆಗಲಿನದು ಬಿದ್ದಿದ್ದರೆ ಬೇಡ. ಎರಡೂ ಬಿದ್ದಿದ್ದರೆ, ಇಲ್ಲವೇ ಎರಡೂ ಉಳಿದಿದ್ದರೆ, ಇನ್ನೊಂದು ಸೋಮವಾರ ಕಾಯಬೇಕು. ದೀಪ ಹಚ್ಚಿದ ಮೇಲೆ ಸೂರ್ಯ ಹುಟ್ಟುವವರೆಗೆ ದಿಬ್ಬದ ಮೇಲೆ ಯಾರೂ ಕಾಲಿಡಕೂಡದು. ಬೇಲಿ ಬೇಕಿಲ್ಲ, ಕಾವಲು ಬೇಕಿಲ್ಲ. ಈ ಊರಲ್ಲಿ ಆ ಮಾತು ಮೀರಿದವರ ಸುದ್ದಿಯನ್ನು ಯಾರೂ ಕೇಳಿಲ್ಲ.

ಸುರೇಂದರ್ ಗಡಿಯಾರ ನೋಡಿಕೊಂಡ. ಶೈಲಜಾ ಮಾತ್ರ ಒಪ್ಪಿದಳು. ಒಂದು ರಾತ್ರಿಯ ಮಾತು ತಾನೇ ಎಂದುಕೊಂಡಳು.

ಆ ಸೋಮವಾರ ರಾತ್ರಿ ಅವಳು ಬಾಗಿಲಿನ ಚಿಲಕವನ್ನು ಮೂರು ಸಲ ನೋಡಿ, ಗ್ಯಾಸಿನ ಗುಂಡಿಯನ್ನು ಎರಡು ಸಲ ನೋಡಿ ಮಲಗಿದಳು. ನಾಲ್ಕೂವರೆಗೆ ಎಚ್ಚರವಾಯಿತು. ಬೇಡ ಎಂದು ಬಂದಿದ್ದರೆ? ಆ ಒಂದು ಪ್ರಶ್ನೆ ಅವಳನ್ನು ಎಬ್ಬಿಸಿ, ಚಪ್ಪಲಿ ಇಲ್ಲದೆ ನಡೆಸಿಕೊಂಡು ಹೋಯಿತು. ನೋಡಿ ಬರುವುದಷ್ಟೇ ಅವಳ ಮನಸ್ಸಿನಲ್ಲಿತ್ತು. ಇದನ್ನು ಆಮೇಲೆ ಅವಳು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು.

ಮೂಡಣ ಇನ್ನೂ ಬೂದಿಬಣ್ಣಕ್ಕಿತ್ತು. ದೀಪ ಆರಿತ್ತು. ಕಲ್ಲಿನ ಬಲ ಹೆಗಲಿಗೆ ಪತ್ರಿ ಅಂಟಿಕೊಂಡೇ ಇತ್ತು. ಎಡಗಡೆಯದು ಬುಡದ ಹಾಸುಗಲ್ಲಿನ ಮೇಲೆ ಬೆನ್ನು ಮೇಲಾಗಿ ಬಿದ್ದಿತ್ತು.

ಬೇಡ.

ಅವಳ ಕಣ್ಣ ಮುಂದೆ ಆರು ವರ್ಷ ಹಾದುಹೋಯಿತು. ಮುದುಕಿಯರ ಅಂಗಳಗಳು, ಕಚೇರಿಯ ಬೆಂಚುಗಳು, ಹನ್ನೊಂದು ಮಕ್ಕಳು. ಎರಡು ಮಳೆಗಾಲದ ಮೇಲೆ ಇಲ್ಲಿ ಬರೀ ಕಲ್ಲಿನ ರಾಶಿ. ಎಲೆಗೇನು ಗೊತ್ತು? ಗಾಳಿ ಬೀಸಿದ ಕಡೆ ಬೀಳುತ್ತದೆ. ಅವಳು ಬಲಗಡೆಯ ಪತ್ರಿಯನ್ನು ಉಗುರಿನಿಂದ ಬಿಡಿಸಿ ಹಾಸುಗಲ್ಲಿನ ಮೇಲೆ ಇಟ್ಟಳು. ಎಡಗಡೆಯದನ್ನು ಎತ್ತಿಕೊಂಡಳು. ಒಣಗಿತ್ತು. ನಿಲ್ಲಲಿಲ್ಲ. ನೀರು ತಂದಿರಲಿಲ್ಲ, ಬಾವಿಯಲ್ಲಿ ಹೂಳು ತೆಗೆದ ಮೇಲೆ ಹನಿ ನೀರಿರಲಿಲ್ಲ. ದಿಬ್ಬದ ಕೆಳಗೆ ಯಾರೋ ಕೆಮ್ಮಿದ ಸದ್ದಾಯಿತು. ಅವಳು ಎಲೆಯನ್ನು ನಾಲಿಗೆಯಿಂದ ನೆಕ್ಕಿ ಕಲ್ಲಿಗೆ ಒತ್ತಿದಳು.

ಎಂಜಲು. ಗದ್ದುಗೆಯ ಪತ್ರಿಗೆ ಎಂಜಲು. ದಿಬ್ಬದ ಹಿಂಬದಿಯಿಂದ ಇಳಿಯುವಾಗ ಬಾಯಿ ತುಂಬ ಒಗರಾಗಿತ್ತು.

ಸೂರ್ಯ ಹುಟ್ಟಿದ ಮೇಲೆ ಹತ್ತಿಪ್ಪತ್ತು ಜನ ಸೇರಿ ಮೇಲೆ ಹೋದರು. ಶೈಲಜಾ ಎಲ್ಲರ ಹಿಂದೆ ನಿಂತಳು. ವೀರಯ್ಯ ಕಲ್ಲಿನ ಮುಂದೆ ನಿಂತವನು ಬಹಳ ಹೊತ್ತು ಅಲ್ಲಾಡಲಿಲ್ಲ. ಅವನ ಕೈ ನಡುಗುವುದು ಎಲ್ಲರಿಗೂ ಕಂಡಿತು. ಗಿಡದ ಮೇಲಿನ ಮಮತೆ ಎಂದುಕೊಂಡರು.

"ಬಲಕ್ಕ ಬಿದ್ದೈತಿ," ಎಂದ, ಕೊನೆಗೆ. "ಕಡೀರಿ."

ಎರಡು ದಿನ ಹಿಡಿಯಿತು. ಬುಡ ಕಡಿದು, ಬೇರನ್ನು ಸರಪಳಿಯಿಂದ ಎಳೆಯುವಾಗ ಗದ್ದುಗೆಯ ಮೇಲಿನ ಚಪ್ಪಡಿಯೂ ಒಂದು ಗೇಣು ಸರಿಯಿತು. ಒಳಗಿಂದ ತಣ್ಣನೆಯ ಗಾಳಿ ಬಂತು. ಕಲ್ಲು ಕೆಲಸದ ಎಂಕಪ್ಪ ಸರಪಳಿ ಬಿಟ್ಟು ಹಿಂದೆ ಸರಿದ. ಊಟದ ಹೊತ್ತು, ಅವನೂ ಶೈಲಜಾಳೂ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

"ಅಕ್ಕೋರೆ, ಒಳಗಿನ ಬೇರೂ ಕಿತ್ತು ಗಚ್ಚು ಹಾಕ್ರಿ ಅಂತ ಹೇಳ್ಯಾರ ಸುರೇಂದರ್ ಸಾರು. ನಾ ಅದ್ರಾಗ ನೋಡಂಗಿಲ್ರಿ. ನೀವು ನೋಡಿ ಹೇಳ್ರಿ. ನಾ ಆ ಕಡಿ ಮಾರಿ ಮಾಡಿ ನಿಂದ್ರತೀನಿ."

ಅವಳು ಮೊಣಕಾಲೂರಿ ಸಂದಿಯಲ್ಲಿ ಬೆಳಕು ಬಿಟ್ಟಳು.

ಎಲುಬು ಕಾಣಲಿಲ್ಲ. ಅವು ಎಂದೋ ಮಣ್ಣಾಗಿದ್ದವು. ಒಳಗೆ ಬೇರು ಕೂತಿತ್ತು. ಆಕೆಯ ಸುತ್ತ ಇಳಿದು, ಆಕೆಯನ್ನು ತಬ್ಬಿ, ಆಕೆ ಕರಗಿದಂತೆಲ್ಲ ಆ ಜಾಗವನ್ನು ತುಂಬುತ್ತ ಹೋದ ನೂರಾರು ಬೇರು. ಮಡಚಿದ ಕಾಲಿನ ಜಾಗದಲ್ಲಿ ಮಡಚಿದ ಬೇರು. ಬೆನ್ನಿನ ಜಾಗದಲ್ಲಿ ಬಾಗಿದ ಬೇರು. ಮೇಲೆ ತಲೆಯಷ್ಟು ದಪ್ಪದ ಒಂದು ಗಂಟು, ತುಸು ಮುಂದಕ್ಕೆ ವಾಲಿತ್ತು, ಮಡಿಲಲ್ಲಿಟ್ಟ ಏನನ್ನೋ ಓದುವಂತೆ. ಎಡಗೈ ಇರಬೇಕಾದಲ್ಲಿ ಐದಾರು ಎಳೆಬೇರು ಕೂಡಿ ಒಂದು ಸಣ್ಣ ಕರಿಯ ಲಿಂಗವನ್ನು ಹಿಡಿದುಕೊಂಡಿದ್ದವು. ಗಂಟಿನ ಮೇಲ್ತುದಿಯಲ್ಲಿ, ಈಗಷ್ಟೇ ಸರಪಳಿಯಿಂದ ಹರಿದಲ್ಲಿ, ತೇವ ಮಿನುಗುತ್ತಿತ್ತು.

"ಏನೈತ್ರಿ ಅಕ್ಕೋರೆ?" ಬೆನ್ನು ತಿರುಗಿಸಿಕೊಂಡೇ ಎಂಕಪ್ಪ ಕೇಳಿದ.

"ಏನಿಲ್ಲ. ಮಣ್ಣು. ಏನೂ ಕೀಳಬ್ಯಾಡ, ಚಪ್ಪಡಿ ಮುಚ್ಚು."

"ಸಾರು ಬೈತಾರ್ರಿ."

"ನಾ ಹೇಳೀನಂತ ಹೇಳು. ಮತ್ತ ಆ ಮೂಲ್ಯಾಗ ಗಚ್ಚು ಹಾಕಬ್ಯಾಡ. ಅಂಗೈ ಅಗಲ ಸಂದಿ ಬಿಡು."

"ಸಂದಿ ಯಾಕ್ರಿ?"

"ಮಳಿ ನೀರು ಹೋಗಾಕ," ಎಂದಳು. ಮಳೆಯ ನೀರು ಆ ಸಂದಿಯಿಂದ ಹೊರಗೆ ಹೋಗುವುದಿಲ್ಲ, ಒಳಗೆ ಬರುತ್ತದೆ ಎಂದು ಎಂಕಪ್ಪನಿಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಅವನು ಚಪ್ಪಡಿ ಸರಿಸಲು ಸರಪಳಿ ಎತ್ತಿಕೊಂಡ.

ಆ ರಾತ್ರಿಯಿಂದಲೇ ಸದ್ದು ಶುರುವಾಯಿತು.

ಬೇಡ ಎಂದಳು ಆಕೆ. ಬೇಡ ಎಂದವಳ ಬಾಯಿಗೆ ನಾನು ಎಂಜಲು ಹಚ್ಚಿ ಹೂಂ ಅನ್ನಿಸಿದೆ. ಹೀಗೆಂದುಕೊಳ್ಳುತ್ತ ಶೈಲಜಾ ಒಂಬತ್ತು ಹಗಲು ಒಂಬತ್ತು ರಾತ್ರಿ ಕಳೆದಳು. ತರಗತಿಯಲ್ಲಿ ಇಟ್ಟಿದ್ದ ಮುರಿಗೆಮ್ಮನ ಪದಗಳ ಪ್ರತಿಯನ್ನು ತೆರೆಯಲಾಗಲಿಲ್ಲ. ಆಕೆಯ ಗೋಡೆಗೆ ಸುಣ್ಣ ಹೊಡೆಸಿದವರಿಗೂ ತನಗೂ ಏನು ವ್ಯತ್ಯಾಸ? ಮುಂದಿನ ಸೋಮವಾರ ಹೊಸ ಗದ್ದುಗೆಯ ಪೂಜೆ. ವೀರಯ್ಯ ಎಲ್ಲರ ಮುಂದೆ ನಿಂತು, ಆಕೆಯ ಅಪ್ಪಣೆಯಿಂದಲೇ ಇದೆಲ್ಲ ಆಯಿತೆಂದು ಹೇಳುವವನಿದ್ದ. ಎಪ್ಪತ್ತು ವರ್ಷ ಸುಳ್ಳಾಡದ ಬಾಯಿಂದ ತನ್ನ ಸುಳ್ಳು ಹೊರಡುತ್ತದೆ. ಅದಕ್ಕಿಂತ ಮೊದಲು ಅವನ ಕಾಲು ಹಿಡಿದು ಹೇಳಿಬಿಡಬೇಕು. ಆಮೇಲೆ ಊರು ಉಗಿಯಲಿ, ಕೆಲಸ ನಿಲ್ಲಲಿ, ಏನಾದರೂ ಆಗಲಿ.

ಹತ್ತನೆಯ ದಿನ ಶಾಲೆ ಬಿಟ್ಟ ಮೇಲೆ ಅವಳು ದಿಬ್ಬಕ್ಕೆ ಹೋದಳು. ವೀರಯ್ಯ ಹೊಸ ಕಟ್ಟೆಯ ಮೇಲೆ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ. ಎಂಕಪ್ಪನ ಜನ ಹೊರಟುಹೋಗಿದ್ದರು. ಗಿಡವಿದ್ದ ಜಾಗದಲ್ಲಿ ಆಕಾಶ ಸುಮ್ಮನೆ ದೊಡ್ಡದಾಗಿತ್ತು.

"ಬಾರವ್ವ ಶೈಲಾ. ಕುಂದರು. ಮಾರಿ ಯಾಕ ಹಿಂಗಾಗೈತಿ?"

"ಅಯ್ಯನೋರೆ, ನಾ ಒಂದು ತಪ್ಪು..."

"ತಡಿ. ಮೊದಲ ನಂದು ಕೇಳು. ಹತ್ತು ದಿನದಿಂದ ಯಾರಿಗಿ ಹೇಳಲಿ ಅಂತ ಒದ್ದಾಡಾಕ ಹತ್ತೀನಿ. ನೀ ಓದಿದಾಕಿ, ನನ್ನ ಹುಚ್ಚ ಅಂದ್ರೂ ಮಂದಿ ಮುಂದ ಅನ್ನಂಗಿಲ್ಲ." ವೀರಯ್ಯ ಬತ್ತಿಯನ್ನು ಕೆಳಗಿಟ್ಟ. "ಪತ್ರಿ ಒತ್ತಿದ ರಾತ್ರಿ ನಾ ಇಲ್ಲಿಗಿ ಬಂದಿದ್ದೆ."

ಶೈಲಜಾ ಕಟ್ಟೆಯ ಅಂಚಿಗೆ ಕುಳಿತಳು.

"ಹತ್ತು ಗಂಟೆ ಆಗಿತ್ತು. ನೋಡ್ತೀನಿ, ಬಲಕ್ಕ ಬಿದ್ದೈತಿ. ಕಡೀರಿ ಅಂದಾಳ ಆಕಿ! ನನ್ನ ಕರುಳು ಕಿತ್ತು ಬಂತು ನೋಡವ್ವ. ನಮ್ಮಪ್ಪ ನನ್ನ ಹೆಗಲ ಮ್ಯಾಲೆ ಎತ್ಕೊಂಡು ಪತ್ರಿ ಹರಿಸಿದ ಗಿಡ ಅದು. ಏನು ಬುದ್ಧಿ ಬಂತೋ... ಚೆಂಬಿನ ನೀರು ಹಚ್ಚಿ ಬಲದ್ದು ಏರಿಸಿ ಅಂಟಿಸಿದೆ. ಎಡದ್ದು ಬಿಡಿಸಿ ಕೆಳಗ ಇಟ್ಟೆ. ಆಕಿ ಹೂಂ ಅಂದಿದ್ದನ್ನ ನಾ ಒಲ್ಲೆ ಮಾಡಿದೆ."

ಅವನು ಅಂಗವಸ್ತ್ರದಿಂದ ಮುಖ ಒರೆಸಿಕೊಂಡ. ಶೈಲಜಾಳ ಎದೆಯಲ್ಲಿ ಏನೋ ಸಡಿಲಾಗತೊಡಗಿತು. ಹಾಗಾದರೆ ಆಕೆಯ ಉತ್ತರ ಹೂಂ. ತಾನು ಬೆಳಗಿನ ಜಾವ ತಿರುವಿಟ್ಟದ್ದು ಮುರಿಗೆಮ್ಮನ ಮಾತನ್ನಲ್ಲ, ಈ ಮುದುಕನ ಕೈಕೆಲಸವನ್ನು. ಒಳಗೆ ಕೂತಿದ್ದ ಆ ಬೇರು ನೆನಪಾಯಿತು. ನೂರೈವತ್ತು ವರ್ಷ ಬಿಡದೆ ತಬ್ಬಿದ್ದನ್ನು ಇನ್ನು ಬಿಡಿಸಿ ಎಂದು ಆಕೆಯೇ ಕೇಳಿದ್ದಳೇ? ಅಳು ಬಂತು, ನಗುವೂ ಬಂತು. ಹೇಳಿಬಿಡೋಣವೆಂದು ಬಾಯಿ ತೆರೆದಳು.

"ಇನ್ನೂ ಐತಿ ಕೇಳು," ಎಂದ ವೀರಯ್ಯ. "ಮನಿಗಿ ಹೋಗಿ ಬಿದ್ಕೊಂಡೆ. ಕಣ್ಣು ಮುಚ್ಚಲಿಲ್ಲ. ಎರಡು ಗಂಟೆ ಸುಮಾರಿಗಿ, ತಪ್ಪಾತು, ಇದ್ದಂಗ ಇಟ್ಟು ಬರೋಣು ಅಂತ ಮತ್ತ ಬಂದೆ. ಬ್ಯಾಟರಿ ಬಿಟ್ಟು ನೋಡ್ತೀನಿ, ಬಲದ್ದು ಕೆಳಗ ಐತಿ. ಎಡದ್ದು ಮ್ಯಾಲೆ ಐತಿ."

"ಎರಡು ಗಂಟೆಕ್ಕ?"

"ಎರಡಕ್ಕ. ನೀನ ಹೇಳು, ಮ್ಯಾಲಿಂದು ಕೆಳಗ ಬೀಳಬಹುದು, ಗಾಳಿ ಐತಿ, ಹಲ್ಲಿ ಐತಿ. ಕೆಳಗಿಂದು ಏರಿ ಹೋಗಿ ಅಂಟಿಕೊಂಡು ಕುಂದ್ರತೈತೇನು? ಕೈ ಹಚ್ಚಿ ನೋಡಿದೆ. ಹಸಿ ಇತ್ತವ್ವ. ಈಗಷ್ಟ ಯಾರೋ ನೀರಾಗ ಅದ್ದಿದಂಗ ತಣ್ಣಗ." ಅವನ ದನಿ ಇಳಿಯಿತು. "ನಾ ಪಾಪಿ. ತಿದ್ದಾಕ ಬಂದಾವ ಹಟಕ್ಕ ಬಿದ್ದೆ. ಗಿಡ ಬಿಡಾಕ ಮನಸ್ಸಾಗಲಿಲ್ಲ. ಮತ್ತ ತಿರುವಿಟ್ಟೆ. ಹೊತ್ತು ಹುಟ್ಟಿದ ಮ್ಯಾಲೆ ಮಂದಿ ಕೂಡ ಬಂದು ನೋಡಿದ್ರ, ನೀನೂ ನೋಡೀಯಲ್ಲ, ಬಲಕ್ಕ ಬಿದ್ದೈತಿ! ಎರಡು ಸಲ ನಾ ಸುಳ್ಳಾಡಿದೆ, ಎರಡು ಸಲ ಆಕಿ ತಿದ್ದಿದಳು. ನನ್ನ ಕೈ ನಡುಗಿದ್ದು ಗಿಡಕ್ಕಲ್ಲ."

ಬೆಳಗಿನದು ತನ್ನ ಕೈ. ಎರಡು ಗಂಟೆಯದು?

ಆ ಹೊತ್ತಿಗೆ ಅವಳು ಮನೆಯಲ್ಲಿ ಮಲಗಿದ್ದಳು. ಚಿಲಕವನ್ನು ಮೂರು ಸಲ ನೋಡಿದ್ದಳು. ವೀರಯ್ಯ ತಪ್ಪು ನೋಡಿರಬಹುದೇ? ಕತ್ತಲೆ, ವಯಸ್ಸು, ನಿದ್ದೆಗೆಟ್ಟ ಕಣ್ಣು. ಆದರೆ ಹಸಿ ಇತ್ತೆಂದ. ಮುಟ್ಟಿ ನೋಡಿದೆನೆಂದ. ಅವಳು ನಾಲಿಗೆಯನ್ನು ಹಲ್ಲಿಗೆ ಒತ್ತಿಕೊಂಡಳು. ಅದೇ ಒಗರು.

"ಅರವತ್ತು ವರ್ಷ ಆತು ನಾ ಆಕಿಗಿ ದೀಪ ಹಚ್ಚಾಕ ಹತ್ತಿ," ವೀರಯ್ಯ ಹೇಳುತ್ತಿದ್ದ. "ಒಂದು ದಿನಾನೂ ನನ್ನ ಕೂಡ ಮಾತಾಡಲಿಲ್ಲ. ನಮ್ಮಜ್ಜನ ಕೂಡ ಇಲ್ಲ, ನಮ್ಮಪ್ಪನ ಕೂಡ ಇಲ್ಲ. ಕಲ್ಲಿಗಿ ಎಣ್ಣಿ ಸುರಿಯಾಕ ಹತ್ತೀನೇನೋ ಅಂತ ಒಮ್ಮೊಮ್ಮೆ ಅನ್ನಿಸ್ತಿತ್ತು, ಸುಳ್ಳ್ಯಾಕ ಹೇಳಲಿ. ಅವತ್ತು ಮಾತಾಡಿದಳು. ಎರಡು ಸಲ ಬೈದಳು. ಇನ್ನ ಸತ್ರೂ ಚಿಂತಿಲ್ಲ." ಅವನ ಕಣ್ಣು ತುಂಬಿದ್ದವು. ಆ ಮುಖದಲ್ಲಿ ಅಷ್ಟು ಬೆಳಕನ್ನು ಅವಳು ಎಂದೂ ನೋಡಿರಲಿಲ್ಲ. "ಅಂದಂಗ ನೀ ಏನೋ ಹೇಳಾಕ ಬಂದಿದ್ದೆಲ್ಲ, ಏನೋ ತಪ್ಪು ಅಂದಿ."

ದಿಬ್ಬದ ಕೆಳಗೆ ಯಾರದೋ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಹಾದುಹೋಯಿತು. ಅದು ದೂರವಾಗುವವರೆಗೆ ಶೈಲಜಾ ಕಾದಳು. ಎರಡರಲ್ಲಿ ಒಂದು ನನ್ನದು ಎಂದರೆ ಅವನ ಪಾಲಿಗೆ ಇನ್ನೊಂದು ಉಳಿಯುವುದೇ? ಉಳಿಯುವುದಿಲ್ಲ. ಎರಡು ಗಂಟೆಯದೂ ಯಾರೋ ಕಳ್ಳಹೆಜ್ಜೆಯಲ್ಲಿ ಬಂದು ಮಾಡಿದ್ದೇ ಎಂದು ಅವನು ಇಡೀ ರಾತ್ರಿ ಕೂತು ಯೋಚಿಸುತ್ತಾನೆ. ತನ್ನ ಎದೆ ಹಗುರಾಗುತ್ತದೆ, ಅವನ ಗದ್ದುಗೆ ಮತ್ತೆ ಬರೀ ಕಲ್ಲಾಗುತ್ತದೆ.

"ಕಲ್ಲಿನ ಮ್ಯಾಲೆ ಆಕಿ ಹೆಸರು ಕೆತ್ತಿಸೋದ್ರಾಗ ತಪ್ಪಾಗಿತ್ತು ಅಯ್ಯನೋರೆ," ಎಂದಳು. "ಒಂದು ಅಕ್ಷರ. ಎಂಕಪ್ಪಗ ಹೇಳಿ ತಿದ್ದಸ್ತೀನಿ."

"ಅಷ್ಟ ಏನು! ನಾ ಏನೋ ಅಂದ್ಕೊಂಡೆ," ಎಂದು ನಗುತ್ತ ವೀರಯ್ಯ ದೀಪ ಹಚ್ಚಿದ. ಕಡಿದ ಗಿಡದ ಕೊಂಬೆಯಿಂದ ಉಳಿಸಿಟ್ಟಿದ್ದ ಒಣಗಿದ ಪತ್ರಿಯೊಂದನ್ನು ಗದ್ದುಗೆಗೆ ಏರಿಸಿದ. ಅವಳು ಇಳಿಯುವ ಮೊದಲು ಮೂಲೆಯ ಸಂದಿಯತ್ತ ಬಗ್ಗಿ ನೋಡಿದಳು. ಅಲ್ಲಿ ಏನೂ ಚಿಗುರಿರಲಿಲ್ಲ. ಅಂಚಿನ ಕಲ್ಲು ಮಾತ್ರ ಒದ್ದೆಯಾಗಿತ್ತು. ಮಳೆ ಇನ್ನೂ ಬಿದ್ದಿರಲಿಲ್ಲ.

ಮನೆಗೆ ಬಂದಾಗ ಗುರುಲಿಂಗಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಅಯ್ಯನ ಕೂಡ ಇಷ್ಟೊತ್ತು ಏನು ಮಾತವ್ವ?"

"ಸೋಮವಾರದ ಪೂಜಿದು, ಅತ್ತಿ."

"ಮತ್ತ ಬೋನು ತಂದೆ ಏನು? ಇಲಿಗಿ?"

"ಇಲ್ಲ. ಇರಲಿ ಬಿಡ್ರಿ, ಬೋನು ಬ್ಯಾಡ."

ಅತ್ತೆ ಅವಳನ್ನೊಮ್ಮೆ ನೋಡಿ ರೊಟ್ಟಿ ತಿರುವಿ ಹಾಕಿದಳು. ಶೈಲಜಾ ಕೈಕಾಲು ತೊಳೆದು ಅಡುಗೆಮನೆಯ ಗೋಡೆಗೆ ಒರಗಿ ಕುಳಿತಳು. ಹೋದ ಯುಗಾದಿಗೆ ಸುಣ್ಣ ಹೊಡೆಸಿದ ಗೋಡೆ, ಬೆನ್ನಿಗೆ ತಣ್ಣಗೆ ತಾಗಿತು. ವೀರಯ್ಯನಿಗೆ ಹೇಳುವುದಿಲ್ಲ. ಶನಿವಾರ ಬರುವ ವಿನಯನಿಗೂ ಇಲ್ಲ, ಎದುರಿಗೆ ಕೂತ ಅತ್ತೆಗೂ ಇಲ್ಲ. ಬೆಳಗಿನ ಪತ್ರಿಯ ಮಾತಾಗಲಿ, ಚಪ್ಪಡಿಯ ಕೆಳಗೆ ಕೂತದ್ದರ ಮಾತಾಗಲಿ, ಎರಡು ಗಂಟೆಗೆ ಏರಿ ಕುಳಿತ ಆ ಹಸಿ ಎಲೆಯ ಮಾತಾಗಲಿ ಯಾರ ಮುಂದೆಯೂ ಎತ್ತುವುದಿಲ್ಲ. ಇವತ್ತು ರಾತ್ರಿ ಸದ್ದಾದರೆ ಎದ್ದು ಹುಡುಕುವುದೂ ಇಲ್ಲ.